ಇಳುಪ್ಪು ಅಂದರೆ ಯಾವ ಇಳುಪ್ಪು

ನನ್ನ ಮೊಮ್ಮಗಳು ಕಾಲೇಜಿನ ಪರೀಕ್ಷೆಯಲ್ಲಿ ಮುಗ್ಗರಿಸಿದ್ದು ಓದದೆ ಅಲ್ಲ, ತನಗೆ ತಮಿಳು ಚೆನ್ನಾಗಿ ಬರುತ್ತದೆ ಎಂದುಕೊಂಡದ್ದರಿಂದ. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಮನೆಯವರು ಹಾಕಿದ ಒಗ್ಗರಣೆ.

ಪರೀಕ್ಷೆ ಮಾಡಿದ ಡಾಕ್ಟರು ಆವತ್ತು ಹೆಂಡತಿಯ ಹತ್ತಿರ ಜಗಳ ಆಡಿ ಬಂದಿರಬೇಕು ಎಂದ ನನ್ನ ಮಗ. ಎದುರು ಮನೆಯವಳ ಕಣ್ಣು ಬಿದ್ದಿದೆ ಎಂದಳು ಸೊಸೆ. ಎದುರು ಮನೆಯವಳಿಗೆ ಕಣ್ಣಿನ ಪೊರೆ ಬಂದು ಎದುರಿಗೆ ನಿಂತ ಹಸುವೇ ಕಾಣುವುದಿಲ್ಲ, ನಮ್ಮ ಹುಡುಗಿಯ ಮೇಲೆ ಎಲ್ಲಿಂದ ಕಣ್ಣು ಹಾಕುತ್ತಾಳೆ?

ಹುಡುಗಿ ಕೋಯಮತ್ತೂರಿನಲ್ಲೇ ಡಾಕ್ಟರಿಕೆ ಓದುತ್ತಿದ್ದಳು, ಕೊನೆಯ ವರ್ಷ. ಗಣಪತಿ ಎಂಬ ಬಡಾವಣೆಯ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಓಡಾಟ. ಮಕ್ಕಳ ಕಾಯಿಲೆಯ ಪರೀಕ್ಷೆ ಅಂದರೆ ಬರೀ ಬರೆಯುವುದಲ್ಲವಂತೆ. ವಾರ್ಡಿನಲ್ಲಿ ಒಂದು ಮಗುವಿನ ಮುಂದೆ ನಿಲ್ಲಿಸುತ್ತಾರೆ. ತಾಯಿಯನ್ನು ಮಾತಾಡಿಸಿ, ಮಗುವನ್ನು ಮುಟ್ಟಿ ನೋಡಿ, ಇದು ಇಂಥ ಕಾಯಿಲೆ ಎಂದು ಹೇಳಬೇಕು. ಕಾಲೇಜಿನವರು ನಡೆಸಿದ ಮೊದಲ ಪರೀಕ್ಷೆಯಲ್ಲಿ ಏನನ್ನೋ ಇನ್ನೇನೋ ಎಂದುಬಿಟ್ಟಳು. ಏನಾಯಿತು ಎಂದು ಕೇಳಿದರೆ "ಬಿಡು ಅಜ್ಜಿ" ಅಂದಳು. ಊಟ ಬಿಟ್ಟಳು. ಮುಂದಿನದು ದೊಡ್ಡ ಪರೀಕ್ಷೆ. ಅದರಲ್ಲೂ ಹೋದರೆ ಜೊತೆಯವರೆಲ್ಲ ಆಸ್ಪತ್ರೆ ಕೆಲಸಕ್ಕೆ ಸೇರುತ್ತಾರೆ, ಇವಳು ಮಾತ್ರ ಅದೇ ಪುಸ್ತಕ ಹಿಡಿದುಕೊಂಡು ಮತ್ತೆ ಆರು ತಿಂಗಳು ಕೂರಬೇಕು. ಅದನ್ನು ನೆನೆಸಿಕೊಂಡು, ಪರೀಕ್ಷೆಗೆ ಹೋಗುವುದೇ ಇಲ್ಲ ಎಂಬ ಮಾತನ್ನೂ ಮೆಲ್ಲಗೆ ಶುರು ಮಾಡಿದ್ದಳು.

ಓದಿಕೊಳ್ಳಲು ರಜೆ ಬಿಟ್ಟಾಗ ಅವಳ ಗೆಳತಿ ನಮ್ಮ ಮನೆಗೆ ಬರತೊಡಗಿದಳು. ಮೈಸೂರು ಕಡೆಯ ಹುಡುಗಿ, ಹಾಸ್ಟೆಲಿನಲ್ಲಿರುವವಳು. ಅವಳ ಕನ್ನಡ ರೇಡಿಯೋದಲ್ಲಿ ಬರುವ ಕನ್ನಡ. ನಮ್ಮದು ಮನೆಯೊಳಗಿನ ಕನ್ನಡ, ಅರ್ಧಕ್ಕೆ ತಮಿಳು. ಮೊದಲ ದಿನ ನಾನು "ಸಾಪಾಡು ಆಯ್ತಾ ಅಮ್ಮಿಣಿ?" ಎಂದು ಊಟ ವಿಚಾರಿಸಿದರೆ ಅವಳು ತನ್ನ ಹೆಸರು ಅಮ್ಮಿಣಿ ಅಲ್ಲ ಎಂದು ತಿದ್ದಿದಳು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ ಎಂದು ಮೊಮ್ಮಗಳು ಹೇಳಿಕೊಟ್ಟ ಮೇಲೆ, ಅವಳೂ ನಮ್ಮ ಬೆಕ್ಕನ್ನು ಅಮ್ಮಿಣಿ ಎಂದು ಕರೆಯತೊಡಗಿದಳು.

ಇಬ್ಬರೂ ಸೇರಿ ನನ್ನನ್ನು ವಾರ್ಡಿನ ತಾಯಿ ಮಾಡಿದರು. ಉದ್ದ ದಿಂಬಿಗೆ ಟವೆಲು ಸುತ್ತಿ ಮಗು ಎಂದು ನನ್ನ ತೊಡೆಯ ಮೇಲಿಟ್ಟರು. ಗೆಳತಿಯೇ ಪರೀಕ್ಷೆಯ ಡಾಕ್ಟರು. ಅವಳು ನನ್ನ ಕಿವಿಯಲ್ಲಿ ಕಾಯಿಲೆಯನ್ನು ಊದಬೇಕು, ಮೊಮ್ಮಗಳು ನನ್ನನ್ನು ಕೇಳಿ ಕೇಳಿ ಅದನ್ನು ಕಂಡುಹಿಡಿಯಬೇಕು. ಮಾತು ಕನ್ನಡದಲ್ಲೇ, ಕಾಯಿಲೆಯನ್ನು ಮಾತ್ರ ವಾರ್ಡಿನ ಹೆಂಗಸರಂತೆ ತಮಿಳಿನಲ್ಲಿ ಹೇಳಬೇಕು ಎಂದು ಕರಾರು.

ಮೊದಲನೆಯದು ಕಿವಿ. ಮಗುವಿಗೆ ನೆಗಡಿ ಆಗಿತ್ತು, ಆಮೇಲೆ ಜ್ವರ, ಕಿವಿ ಹಿಡಿದುಕೊಂಡು ಅಳು, ಕೊನೆಗೆ ಕಿವಿ ಸೋರಿ ಅಳು ನಿಂತಿತು, ನೀವು ಕಿವಿಗೆ ಎಣ್ಣೆ ಬಿಟ್ಟಿದ್ದೀರಿ ಎಂದು ಗೆಳತಿ ಊದಿದಳು.

ಮೊಮ್ಮಗಳು ಬಿಳಿ ಕೋಟು ಹಾಕಿಕೊಂಡು ಬಂದು ಎದುರಿಗೆ ಕೂತಳು. "ವಣಕ್ಕಮ್ಮಾ. ಮಗೂಗೆ ಏನಾಗಿದೆ?"

"ಅದನ್ನ ನೀ ಹೇಳ್ಬೇಕು. ನಂಗೆ ಗೊತ್ತಿದ್ರೆ ಎರಡು ಬಸ್ಸು ಹತ್ತಿ ಯಾಕ್ ಬರ್ತಿದ್ದೆ?"

"ಅಜ್ಜೀ! ಹಂಗೆಲ್ಲ ಹೇಳ್ಬೇಡ."

"ನಿಮ್ಮಪ್ಪನ್ನ ಎತ್ಕೊಂಡು ಆಸ್ಪತ್ರೆಗೆ ಹೋದಾಗ ನಾ ಹಂಗೇ ಹೇಳಿದ್ದು."

ಗೆಳತಿ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಮೊಮ್ಮಗಳು ಗಂಟಲು ಸರಿಮಾಡಿಕೊಂಡು, "ಕಿವಿಯಿಂದ ಸ್ರಾವ ಇದೆಯಾ?" ಎಂದು ಕೇಳಿದಳು.

"ಸ್ರಾವ ಅಂದ್ರೆ?"

"ಸೋರ್ತದಾ?"

"ಹಂಗ್ ಕೇಳು. ಸೋರ್ತದೆ."

"ಕಿವಿಗೆ ಏನಾದ್ರೂ ಬಿಟ್ರಾ?"

"ಇಲ್ವೇ ಇಲ್ಲ."

"ಅಜ್ಜಿ, ಎಣ್ಣೆ ಬಿಟ್ಟಿದ್ದೀರಿ ಅಂತ ಹೇಳಿಕೊಟ್ಟೆನಲ್ಲ!" ಎಂದಳು ಗೆಳತಿ.

"ಬಿಟ್ಟಿದೀನಿ. ಡಾಕ್ಟ್ರ ಮುಂದೆ ಯಾರಾದ್ರೂ ಒಪ್ಕೊತಾರಾ? ಬೈಸ್ಕೊಳಕ್ಕಾ?"

ಮೊಮ್ಮಗಳು ಸ್ವಲ್ಪ ಯೋಚಿಸಿದಳು. ಆಮೇಲೆ ಬಹಳ ಮೆತ್ತಗೆ, "ಎಣ್ಣೇನ ಬೆಳ್ಳುಳ್ಳಿ ಹಾಕಿ ಕಾಯ್ಸಿದ್ರಾ, ಇಲ್ಲ ಸುಮ್ನೆ ಬೆಚ್ಚಗೆ ಮಾಡಿದ್ರಾ?" ಅಂದಳು.

"ಬೆಳ್ಳುಳ್ಳಿ ಹಾಕದೆ ಯಾರಾದ್ರೂ..." ಎಂದವಳು ಬಾಯಿ ಮುಚ್ಚಿದೆ. ಹುಡುಗಿ ಚಪ್ಪಾಳೆ ತಟ್ಟಿ ಕುಣಿದಳು. ಎಷ್ಟೋ ದಿನದ ಮೇಲೆ ಅವಳ ಹಲ್ಲು ಕಂಡಿತು. ಕುಣಿದು ಮುಗಿದ ಮೇಲೆ ಪಾಠ. ಕಿವಿಯೊಳಗೆ ಡೋಲಿನ ಚರ್ಮದಂಥ ಪೊರೆ ಇದೆಯಂತೆ, ಕೀವು ತುಂಬಿ ಅದು ಹರಿದಾಗ ನೋವು ಇಳಿಯುತ್ತದಂತೆ, ಆ ತೂತಿನಲ್ಲಿ ಎಣ್ಣೆ ಬಿಟ್ಟರೆ ಒಳಗೆ ಇನ್ನೂ ಕೆಡುತ್ತದಂತೆ.

"ನಿಮ್ಮಪ್ಪನ ಕಿವಿಗೆ ಎಷ್ಟು ಬಿಟ್ಟಿಲ್ಲ. ಅವನಿಗೆ ಕೇಳ್ಸಲ್ವಾ?" ಎಂದೆ.

"ನಾ ಕರೆದ್ರೆ ಕೇಳ್ಸಲ್ಲ ಅತ್ತೆ," ಎಂದಳು ಅಡುಗೆಮನೆಯಿಂದ ಸೊಸೆ.

"ಅದು ಎಣ್ಣೆಯಿಂದ ಆದದ್ದಲ್ಲ, ಮದುವೆಯಿಂದ."

ಎರಡನೆಯ ದಿನ ದವಡೆ ಊದುವ ಕಾಯಿಲೆ. ಗೆಳತಿ ಊದಿ ಮುಗಿಸುವ ಮೊದಲೇ ನಾನು ಕತ್ತಿನ ಸರ ಬಿಚ್ಚಿ ದಿಂಬಿಗೆ ಹಾಕಿದೆ. ಅವಳಿಗೆ ಅರ್ಥವಾಗಲಿಲ್ಲ. "ಅಜ್ಜಿ, ಕಾಯಿಲೆ ಮಗುವಿಗೆ ಚಿನ್ನದ ಸರ ಯಾಕೆ?"

"ಪೊನ್ನುಕ್ಕು ವೀಂಗಿ ಅಂದ್ರೆ ಹಾಕ್ದೆ ಇರ್ತಾರಾ? ಪೊನ್ನು ಬೇಕು ಅಂತ ತಾನೇ ದವಡೆ ಊದ್ಕೊಂಡಿರೋದು!"

ತಮಿಳಿನಲ್ಲಿ ಅದರ ಹೆಸರೇ ಹಾಗೆ, ಚಿನ್ನಕ್ಕಾಗಿ ಊದಿದ್ದು ಎಂದು. ಮೈಸೂರಿನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಕಡೆ ಅದನ್ನ ಮಂಗನ ಬಾವು ಅಂತೀವಿ ಅಜ್ಜಿ!"

ನಮ್ಮ ಮನೆಯಲ್ಲೂ ನನ್ನ ಅವ್ವ ಮಂಗನ ಬಾವು ಎಂದೇ ಹೇಳುತ್ತಿದ್ದಳು. ಬೀದಿಯವರು ಪೊನ್ನುಕ್ಕು ವೀಂಗಿ ಎನ್ನುತ್ತಿದ್ದರು. ಅದಕ್ಕೇ ನಮ್ಮ ಕಡೆಯ ಮಕ್ಕಳು ಮಂಗನ ಮುಖ ಮಾಡಿಕೊಂಡು ಕತ್ತಿನಲ್ಲಿ ಸರ ಹಾಕಿಕೊಂಡು ಮನೆ ಮುಂದಿನ ತಿಣ್ಣೆಯ ಮೇಲೆ ಕೂತಿರುತ್ತಿದ್ದವು. ಸರದಿಂದ ಊತ ಇಳಿಯುವುದಿಲ್ಲ, ತಾನಾಗಿ ಇಳಿಯುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ, ಅಷ್ಟು ದಿನ ಮಗುವನ್ನು ಶಾಲೆಗೆ ಕಳಿಸಬಾರದು ಎಂದು ಹುಡುಗಿಯರು ಹೇಳಿದರು. ಇರಲಿ. ಸರ ಹಾಕಿದ ಮಗುವನ್ನು ಯಾರು ತಾನೇ ಶಾಲೆಗೆ ಕಳಿಸುತ್ತಾರೆ? ಮನೆಯಲ್ಲೇ ಕೂರಿಸಿ ಕಾಯುತ್ತಾರೆ.

ಆಮೇಲೆ ಗಂಟಲ ಕೆಮ್ಮು. ನಾಯಿ ಬೊಗಳಿದಂತೆ ಕೆಮ್ಮುತ್ತದೆ, ಉಸಿರು ಒಳಗೆ ಎಳೆದುಕೊಳ್ಳುವಾಗ ಕರ್ ಎಂದು ಸದ್ದು ಬರುತ್ತದೆ ಎಂದರು. ನಾನು ಬೊಗಳಿ ತೋರಿಸಿದ್ದಕ್ಕೆ ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಉತ್ತರ ಕೊಟ್ಟಿತು. ಕಡಲೆಕಾಯಿ ಬೀಜ ಉಸಿರಿನ ಕೊಳವೆಯಲ್ಲಿ ಸಿಕ್ಕಿಹಾಕಿಕೊಂಡ ಮಗುವೂ ಆದೆ. ನೆಗಡಿ ಇಲ್ಲ, ಜ್ವರ ಇಲ್ಲ, ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿದರೆ ಬಾಯಿಗೆ ಏನು ಹಾಕಿಕೊಂಡಿತ್ತು ಎಂದು ಮೊದಲು ಕೇಳಬೇಕಂತೆ. ಮೊಮ್ಮಗಳು ಕೇಳಿದಳು, ಕಂಡುಹಿಡಿದಳು. ಧಾರಾಪುರದ ಕಡಲೆಕಾಯಿ, ಬೀಜ ದಪ್ಪ, ಅದಕ್ಕೇ ಸಿಕ್ಕಿಕೊಂಡಿತು ಎಂದು ನಾನೂ ಸೇರಿಸಿದೆ. ಧಾರಾಪುರ ನನ್ನ ತವರು.

ಹೀಗೆ ಚೆನ್ನಾಗಿಯೇ ನಡೆಯುತ್ತಿತ್ತು, ಇಳುಪ್ಪು ಬರುವ ತನಕ.

ಮಗುವಿಗೆ ಎದೆ ಕಟ್ಟಿದೆ, ಉಸಿರು ಬಿಡುವಾಗ ಸುಯ್ ಸುಯ್ ಎನ್ನುತ್ತದೆ, ಪಕ್ಕೆ ಒಳಗೆ ಹೋಗುತ್ತದೆ ಎಂದು ಗೆಳತಿ ಊದಿದಳು. ಅದಕ್ಕೆ ತಮಿಳಿನಲ್ಲಿ ಏನನ್ನುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಮಗೀಗೆ ನೆನ್ನೆಯಿಂದ ಇಳುಪ್ಪು" ಎಂದೆ.

ಮೊಮ್ಮಗಳ ಬೆನ್ನು ನೆಟ್ಟಗಾಯಿತು. "ಜ್ವರ ಇತ್ತಾ? ಕಣ್ಣು ಮೇಲೆ ಹೋಯ್ತಾ?"

ಇದೆಂಥ ಪ್ರಶ್ನೆ ಎನ್ನಿಸಿತು. ಆದರೂ ತಾಯಿಯಾದವಳು ಉತ್ತರ ಕೊಡಬೇಕಲ್ಲ. "ಹೋಯ್ತು. ಫ್ಯಾನ್ ನೋಡ್ತಿತ್ತು."

"ಕೈಕಾಲು ಸೆಟಕೊಂಡ್ವಾ?"

"ಎತ್ಕೋ ಅಂತ ಕೈ ಚಾಚ್ತು."

"ಎಚ್ಚರ ತಪ್ತಾ?"

"ಹಾಲು ಕುಡಿದ್ಮೇಲೆ ನಿದ್ದೆ ಮಾಡ್ತು."

ಅವಳು ಗೆಳತಿಯ ಕಡೆ ತಿರುಗಿ, ಜ್ವರದಿಂದ ಬಂದ ಫಿಟ್ಸ್ ಎಂದು ತೀರ್ಪು ಕೊಟ್ಟಳು. ಗೆಳತಿ ತಲೆ ಆಡಿಸಿದಳು. "ಅಲ್ಲ ಕಣೇ. ವೀಸಿಂಗು."

"ವೀಸಿಂಗಾ? ಅಜ್ಜಿ ಇಳುಪ್ಪು ಅಂದ್ಲಲ್ಲ! ಇಳುಪ್ಪು ಅಂದ್ರೆ ಫಿಟ್ಸ್!"

"ಯಾರು ಹೇಳಿದ್ದು? ಇಳುಪ್ಪು ಅಂದ್ರೆ ಎದೆ ಎಳೆಯೋದು," ಎಂದೆ.

ಸೊಸೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಅತ್ತೆ, ಇಳುಪ್ಪು ಅಂದ್ರೆ ಕೈಕಾಲು ಎಳೆಯೋದು. ಸಣ್ಣ ಮಗೀಗೂ ಗೊತ್ತು."

"ನಿಮ್ ತವರು ಪೆರಿಯನಾಯಕನಪಾಳ್ಯದ ಸಣ್ಣ ಮಕ್ಕಳಿಗೆ ಗೊತ್ತಿರ್ಬೇಕು. ಧಾರಾಪುರದಲ್ಲಿ ದೊಡ್ಡೋರಿಗೆಲ್ಲ ಇಳುಪ್ಪು ಅಂದ್ರೆ ಎದೇನೇ."

"ಧಾರಾಪುರದಲ್ಲಿ ಆಸ್ಪತ್ರೆ ಬರೋ ಮುಂಚೆ ಎಲ್ಲಾನೂ ಎದೇನೇ ಇರ್ಬೇಕು."

ಮೊಮ್ಮಗಳು ಬಿಳಿ ಕೋಟಿನ ಗುಂಡಿ ತಿರುವುತ್ತಾ ಕೂತಿದ್ದಳು. "ಆವತ್ತೂ ಇದೇ ಮಾತು," ಎಂದಳು ಕೊನೆಗೆ. ಕಾಲೇಜಿನ ಪರೀಕ್ಷೆಯಲ್ಲಿ ತಾಯಿ ಇಳುಪ್ಪು ಎಂದಿದ್ದಾಳೆ. ನಮ್ಮ ಹುಡುಗಿ ಅಮ್ಮನಿಂದ ಕಲಿತ ಅರ್ಥ ಹಿಡಿದುಕೊಂಡು ಫಿಟ್ಸಿಗೆ ಬೇಕಾದ್ದನ್ನೆಲ್ಲ ಕೇಳಿ, ಫಿಟ್ಸಿನ ಮೇಲೆ ಉದ್ದಕ್ಕೆ ಮಾತಾಡಿದ್ದಾಳೆ. ಮಗು ಅವಳ ಮುಂದೆಯೇ ಸುಯ್ ಸುಯ್ ಎನ್ನುತ್ತಾ ಕೂತಿದೆ. ಕತ್ತಿನಲ್ಲಿರುವ ಸ್ಟೆತಸ್ಕೋಪಿನ ಕೊಳವೆ ಆಭರಣವಾ, ಕಿವಿಗೆ ಇಟ್ಟುಕೊಂಡು ನೋಡಬಾರದಿತ್ತಾ ಎಂದು ಡಾಕ್ಟರು ಕೇಳಿದ್ದಾರೆ.

ಆ ಮಾತು ಕೇಳಿ ಸೊಸೆ ಸುಮ್ಮನಾಗಬೇಕಿತ್ತು. ನಾನೂ ಸುಮ್ಮನಾಗಬೇಕಿತ್ತು. ಆಗಲಿಲ್ಲ. ಯಾರು ಸರಿ ಎಂದು ಆವತ್ತೇ ತೀರ್ಮಾನ ಆಗಬೇಕೆಂದು ಇಬ್ಬರೂ ಊರನ್ನು ಕೇಳಿದೆವು. ಮನೆಯ ಪಕ್ಕದಲ್ಲೇ ಮಗನ ಪಂಪಿನ ವರ್ಕ್‌ಶಾಪು. ಲೇತಿನ ಮುಂದೆ ನಿಂತಿದ್ದವನು ಫಿಟ್ಸ್ ಎಂದ. ಸೊಸೆ ಹಿಗ್ಗಿದಳು. ಹಾಲಿನವಳು ಎದೆ ಎಂದಳು. ನಾನು ಹಿಗ್ಗಿದೆ. ಧಾರಾಪುರದ ಅಕ್ಕನಿಗೆ ಫೋನು ಮಾಡಿದರೆ, "ಎರಡಕ್ಕೂ ಅಂತಾರೆ, ಈಗ ಯಾರಿಗೆ ಬಂದಿದೆ?" ಎಂದು ಗಾಬರಿಯಾದಳು. ಮಗನನ್ನು ಕೇಳಿದೆವು. ಅವನು ಗ್ರೈಂಡಿಂಗ್ ಮಷಿನ್ ಚಾಲೂ ಮಾಡಿ, ಕೇಳಿಸುತ್ತಿಲ್ಲ ಎಂದು ಕೈಯಾಡಿಸಿದ.

ಒಳಗೆ ಬಂದರೆ ಮೊಮ್ಮಗಳು ಪುಸ್ತಕ ಮುಚ್ಚಿಟ್ಟಿದ್ದಳು. "ಒಂದೇ ಮನೇಲಿ ಎರಡು ಅರ್ಥ. ವಾರ್ಡಲ್ಲಿ ಎಷ್ಟೋ ಊರಿನವ್ರು. ನಾ ಎಕ್ಸಾಮಿಗೆ ಹೋಗಲ್ಲ ಅಜ್ಜಿ."

"ಹೋಗ್ಬೇಡ. ನಿಮ್ಮಪ್ಪನ ಹತ್ರ ಪಂಪಿಗೆ ಬಣ್ಣ ಹೊಡೆಯೋರು ಬೇಕಂತೆ."

ಅಳುತ್ತಾಳೆ ಎಂದುಕೊಂಡೆ. ಗೆಳತಿ ಅಷ್ಟು ಹೊತ್ತೂ ಮುರುಕು ತಿನ್ನುತ್ತಾ ಕೂತಿದ್ದವಳು, ಬಾಯಿ ಒರೆಸಿಕೊಂಡು, "ಈ ಇಳುಪ್ಪು ಅನ್ನೋ ಮಾತೇ ನಂಗೆ ಗೊತ್ತಿರಲಿಲ್ಲ," ಎಂದಳು.

"ನೀನು ಆವತ್ತು ಪಾಸಾದೆಯಲ್ಲ?" ಎಂದಳು ಮೊಮ್ಮಗಳು.

"ನಂಗೆ ತಮಿಳೇ ಸರಿಯಾಗಿ ಬರಲ್ವಲ್ಲೇ. ಅದಕ್ಕೆ ಯಾರು ಏನು ಹೇಳಿದ್ರೂ 'ಪಣ್ಣಿ ಕಾಟ್ಟುಂಗ' ಅಂತೀನಿ. ಮಾಡಿ ತೋರಿಸಿ ಅಂತ. ಅವರು ತೋರಿಸ್ತಾರೆ. ಒಬ್ಬರಂತೂ ವಾರ್ಡಿನ ನೆಲದ ಮೇಲೇ ಮಲಗಿಬಿಟ್ರು."

ಮೊಮ್ಮಗಳು ಅವಳನ್ನು ದಿಟ್ಟಿಸಿ ನೋಡಿದಳು. ಇಷ್ಟು ವರ್ಷ ಆ ಹುಡುಗಿಯ ತಮಿಳನ್ನು ಆಡಿಕೊಂಡು ನಕ್ಕವಳು ಇವಳೇ. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಪಣ್ಣಿ ಕಾಟ್ಟು," ಎಂದಳು.

ನಾನು ಎದೆ ಹಿಡಿದುಕೊಂಡು, ಮೂಗು ಅರಳಿಸಿ, ಸುಯ್ ಎಂದು ಉಸಿರು ಬಿಟ್ಟೆ. "ಅಮ್ಮಾ, ಈಗ ನೀನು," ಎಂದಳು ಮೊಮ್ಮಗಳು.

ಸೊಸೆ ನನಗಿಂತ ಕಡಿಮೆ ಆಗುತ್ತಾಳಾ? ಸೌಟು ಪಕ್ಕಕ್ಕಿಟ್ಟು ನೆಲದ ಮೇಲೆ ಮಲಗಿದಳು. ಕಣ್ಣುಗುಡ್ಡೆ ಮೇಲಕ್ಕೆ ಹಾಕಿ, ಮುಷ್ಟಿ ಬಿಗಿದು, ಕೈಕಾಲು ಅದುರಿಸಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಅಷ್ಟು ಚುರುಕಾಗಿ ಯಾವ ಕೆಲಸ ಮಾಡಿದ್ದನ್ನೂ ನಾನು ನೋಡಿಲ್ಲ. ಅದೇ ಹೊತ್ತಿಗೆ ನನ್ನ ಮಗ ನೀರು ಕುಡಿಯಲು ಒಳಗೆ ಬಂದ. ಹೆಂಡತಿ ನೆಲದಲ್ಲಿ ಅದುರುತ್ತಿರುವುದನ್ನು ನೋಡಿ "ಅಯ್ಯೋ!" ಎಂದು ಕೂಗಿ, ಕೈಯಲ್ಲಿದ್ದ ದೊಡ್ಡ ಸ್ಪ್ಯಾನರನ್ನು ಅವಳ ಮುಷ್ಟಿಯೊಳಗೆ ತುರುಕಿದ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೇರೆ ಮನೆಗಳಲ್ಲಿ ಬೀಗದ ಕೈ ಹುಡುಕುತ್ತಾರೆ. ನಮ್ಮ ಮನೆಯಲ್ಲಿ ಕಬ್ಬಿಣಕ್ಕೇನು ಬರ?

"ಅಪ್ಪಾ, ಕಬ್ಬಿಣ ಬೇಡ! ಪಕ್ಕಕ್ಕೆ ತಿರುಗ್ಸಿ ಮಲಗ್ಸಬೇಕು!" ಎಂದು ಮೊಮ್ಮಗಳು ಕಿರುಚಿದಳು.

ಮಗ ಕೂಡಲೇ ಹೆಂಡತಿಯನ್ನು ಪಕ್ಕಕ್ಕೆ ಉರುಳಿಸಿದ. ಅವಳು ಸ್ಪ್ಯಾನರ್ ಹಿಡಿದುಕೊಂಡೇ ಕಣ್ಣು ಬಿಟ್ಟು, "ಗ್ರೀಸು! ಸೀರೆಗೆಲ್ಲ ಗ್ರೀಸು!" ಎಂದು ಎದ್ದು ಕೂತಳು. ಎದುರಿಗೆ ಸ್ಪ್ಯಾನರ್ ಕಂಡದ್ದೇ ತಡ, ಮಗ ನೀರೂ ಕುಡಿಯದೆ ವರ್ಕ್‌ಶಾಪಿಗೆ ಓಡಿದ. ಬಾಗಿಲಲ್ಲಿ ನಿಂತು, "ಕಾಲೇಜಿಗೆ ಫೀಸು ಕಟ್ಟಿದೀನಲ್ಲ, ಅಲ್ಲೇ ಮಾಡ್ಬಾರ್ದಾ ಇದನ್ನೆಲ್ಲ?" ಎಂದು ಬೈದು ಹೋದ.

ಆವತ್ತಿನಿಂದ ಮೊಮ್ಮಗಳು ಎಲ್ಲದಕ್ಕೂ ಪಣ್ಣಿ ಕಾಟ್ಟು. ಮಗೀಗೆ ಅಮ್ಮ ಆಗಿದೆ ಎಂದರೆ, ಯಾವ ಥರ ಗುಳ್ಳೆ, ನೀರು ತುಂಬಿದ್ದಾ, ಬೇವಿನಸೊಪ್ಪು ಬಾಗಿಲಿಗೆ ಕಟ್ಟಿ ಎಷ್ಟು ದಿನ ಆಯಿತು ಎಂದು ಕೇಳುತ್ತಿದ್ದಳು. ಸೋರಿತು ಎಂದರೆ ಎಲ್ಲಿಂದ, ತೋರಿಸು. ನನಗೆ ಸಾಕುಸಾಕಾಯಿತು. ಆದರೂ ಇಳುಪ್ಪಿನ ವಿಷಯದಲ್ಲಿ ನಾನು ಜಗ್ಗಲಿಲ್ಲ. ದೊಡ್ಡ ಪರೀಕ್ಷೆಗೆ ಹೊರಟವಳ ಹಣೆಗೆ ವಿಭೂತಿ ಇಡುತ್ತಾ, "ತಾಯಿ ಇಳುಪ್ಪು ಅಂದ್ರೆ ಎದೇನೇ. ನೀ ಏನೂ ಕೇಳಕ್ಕೆ ಹೋಗ್ಬೇಡ, ನೇರವಾಗಿ ಎದೆಗೆ ಕೊಳವೆ ಇಡು," ಎಂದೆ. ಸೊಸೆ ಹಿಂದಿನಿಂದ ಕೆಮ್ಮಿದಳು. ಇಳುಪ್ಪಿನ ಕೆಮ್ಮಲ್ಲ, ಬೇಕೆಂದೇ ಕೆಮ್ಮಿದ್ದು.

ಹುಡುಗಿ ಸಂಜೆ ಬಂದಳು. ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು, ಅನ್ನ ಹಾಕು ಎಂದು ಕೂತಳು. ಅಲ್ಲಿಗೇ ನನಗೆ ಗೊತ್ತಾಯಿತು. ರಿಸಲ್ಟು ಬಂದದ್ದು ಆಮೇಲೆ, ಪಾಸೇ.

ಅವಳಿಗೆ ಸಿಕ್ಕಿದ ಮಗುವಿನ ತಾಯಿ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗೆ ಹೋಗುವವಳಂತೆ. ಮಗುವಿಗೆ ಏನಾಯಿತು ಎಂದರೆ ಮೊದಲ ಮಾತೇ ಇಳುಪ್ಪು.

"ಅಜ್ಜಿ, ಮಗು ಆಡ್ತಾ ಕೂತಿದೆ, ಉಸಿರೂ ಚೆನ್ನಾಗಿದೆ, ಅದನ್ನ ನೋಡಿದ್ರೆ ಏನೂ ಗೊತ್ತಾಗಲ್ಲ. ಡಾಕ್ಟ್ರು ಪಕ್ಕದಲ್ಲೇ ನಿಂತಿದ್ರು. ಪಣ್ಣಿ ಕಾಟ್ಟುಂಗಕ್ಕಾ ಅಂದೆ. ಇಷ್ಟು ಜನರ ಮುಂದೆಯಾ ಅಂತ ನಾಚ್ಕೊಂಡ್ಳು. ಆಮೇಲೆ ನಾನೇ ಸುಯ್ ಸುಯ್ ಅಂದು ತೋರಿಸ್ದೆ. ಹಿಂಗಾ ಅಂದ್ರೆ, ಅಯ್ಯೋ ಇಲ್ಲ ಅಂದ್ಳು. ಅಮ್ಮನ ಥರ ಕೈ ಅದುರಿಸ್ದೆ. ಅದೇ, ಅದೇ ಅಂದ್ಳು!"

ಫಿಟ್ಸು. ಜ್ವರದಲ್ಲಿ ಬಂದದ್ದು. ಜ್ವರ ಯಾಕೆ ಬಂತೆಂದು ಹುಡುಕಿದಾಗ, ಮಗು ಒಂದು ಕಡೆಯ ಕಿವಿ ಮುಟ್ಟಲು ಬಿಡಲಿಲ್ಲವಂತೆ. ಬೆಳಕು ಬಿಟ್ಟು ನೋಡಿದರೆ ಒಳಗೆ ಪೊರೆ ಕೆಂಪಾಗಿ ಉಬ್ಬಿತ್ತಂತೆ. ಮಿದುಳಿಗೆ ಏನೂ ಆಗಿಲ್ಲವೆಂದು ಹೇಗೆ ಹೇಳುತ್ತೀಯ ಎಂದು ಡಾಕ್ಟರು ಕೇಳಿದರಂತೆ. ಕುತ್ತಿಗೆ ಬಗ್ಗಿಸಿ ನೋಡಿದೆ, ಬಿಗಿದಿಲ್ಲ, ಮಗು ಚುರುಕಾಗಿದೆ, ನಗುತ್ತಿದೆ ಎಂದಳಂತೆ. ಕೊನೆಗೆ ಅವರು, ನಾಟಕ ಯಾಕೆ ಮಾಡಿದೆ, ಇಳುಪ್ಪು ಅಂದರೆ ಗೊತ್ತಿಲ್ಲವಾ ಎಂದು ಕೇಳಿದ್ದಾರೆ.

"ನೀ ಏನಂದೆ?" ಎಂದೆ.

"ನಮ್ಮನೇಲಿ ಅದಕ್ಕೆ ಎರಡು ಪಾರ್ಟಿ ಇದೆ ಸಾರ್ ಅಂದೆ. ಅವ್ರು ನಕ್ಕು, ನಮ್ಮನೇಲೂ ಅಷ್ಟೇ ಅಂದ್ರು."

ಸೊಸೆ ಅನ್ನದ ಪಾತ್ರೆ ಕೆಳಗಿಟ್ಟಳು. ಮುಖದಲ್ಲಿ ದೀಪಾವಳಿ. "ಅತ್ತೆ, ಯಾವ ಇಳುಪ್ಪು ಅಂತ ಹೇಳಿದ್ಳು?"

"ತಿರುಪ್ಪೂರಿನೋರಿಗೆ ಮಾತು ಬರಲ್ಲ."

"ಕಿವಿಗೆ ಬಿದ್ದಿಲ್ಲ ಅತ್ತೆ. ಯಾವ ಇಳುಪ್ಪು?"

"ಕೈಕಾಲಿಂದು! ಸಾಕಾ?"

ಸಾಕಾಗಲಿಲ್ಲ. ಗಂಡನಿಗೆ ಹೇಳಿದಳು, ಲೇತಿನವನಿಗೆ ಕಿಟಕಿಯಿಂದ ಕೂಗಿ ಹೇಳಿದಳು, ಪೆರಿಯನಾಯಕನಪಾಳ್ಯಕ್ಕೆ ಫೋನು ಮಾಡಿ ಅವಳಮ್ಮನಿಗೂ ಹೇಳಿದಳು. ಮಗಳು ಪರೀಕ್ಷೆ ಚೆನ್ನಾಗಿ ಮಾಡಿದ್ದನ್ನು ಹೇಳಲು ಮರೆತು, ಅದಕ್ಕಾಗಿ ಇನ್ನೊಂದು ಸಲ ಫೋನು ಮಾಡಿದಳು. ನಾನು ಹೇಳಿದಂತೆ ಕೇಳಿದ್ದರೆ ಹುಡುಗಿ ಮುಳುಗುತ್ತಿದ್ದಳು, ಅದು ನಿಜ. ಸೊಸೆ ಹೇಳಿದಂತೆ ಕೇಳಿ ಮೊದಲ ಸಲ ಮುಳುಗಿದ್ದಳಲ್ಲ, ಅದೂ ನಿಜ. ಆದರೆ ಆವತ್ತು ಅದನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸೊಸೆ ಏಳುವ ಮೊದಲೇ ನಾನು ಎದ್ದು ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ನೊರೆ ಬರುವಂತೆ ಎತ್ತಿ ಹೊಯ್ದು, ಅವಳು ಮಲಗಿದ್ದಲ್ಲಿಗೇ ಕಾಫಿ ತೆಗೆದುಕೊಂಡು ಹೋಗಿ ಕೈಗೆ ಕೊಟ್ಟೆ. ಸಕ್ಕರೆ ಹಾಕಲಿಲ್ಲ.